ಲೆನ್ಸ್ ಕೊಳ್ಳುವ ಮುನ್ನ ಒಂದು ಲೆಕ್ಕ

ಫೋಟೊಗ್ರಫಿಯ ಹುಚ್ಚು ಹತ್ತಿದವರಿಗೆ ಇನ್ನೊಂದು ಹುಚ್ಚು ಉಚಿತವಾಗಿ ಬರುತ್ತದೆ. ಅದು ಹೊಸ ಲೆನ್ಸ್‌ಗಳ ಬೆಲೆ ನೋಡುವ ಹುಚ್ಚು. ನಮ್ಮ ಹಾಸ್ಟೆಲ್‌ನಲ್ಲಿ ಕ್ಯಾಮೆರಾ ಇರುವವರು ನಾಲ್ವರಿದ್ದೇವೆ. ಊಟ ಮುಗಿಸಿ ಕೂತರೆ ತೆಗೆದ ಫೋಟೊಗಳಿಗಿಂತ ತೆಗೆದುಕೊಳ್ಳಬೇಕಾದ ಲೆನ್ಸ್‌ಗಳ ಮಾತೇ ಹೆಚ್ಚು.

ನಾನು ಬಿ.ಇ. ಮೂರನೇ ವರ್ಷದ ವಿದ್ಯಾರ್ಥಿ. ಪಿಯುಸಿ ಹುಡುಗರಿಗೆ ಗಣಿತದ ಟ್ಯೂಷನ್ ಹೇಳಿ 18 ಸಾವಿರ ರೂಪಾಯಿ ಕೂಡಿಟ್ಟಿದ್ದೆ. ಮುಂದಿನ ಸೆಮಿಸ್ಟರ್‌ನಲ್ಲಿ ಪ್ಲೇಸ್‌ಮೆಂಟ್ ಶುರು. ನನ್ನ ಲ್ಯಾಪ್‌ಟಾಪ್ ಆನ್ ಆಗುವಷ್ಟರಲ್ಲಿ ಚಹಾ ಕುಡಿದು ಬರಬಹುದು, ರಿಪೇರಿ ಮಾಡಿಸಲೇಬೇಕು. ಇತ್ತ, ಗೆಳೆಯನ ಬಳಿ ಇರುವಂಥ ಉದ್ದನೆಯ ಜೂಮ್ ಲೆನ್ಸ್ ಕಂತಿನಲ್ಲಿ ಸಿಗುತ್ತಿತ್ತು. ‘ಮೊದಲ ಕಂತಿಗೆ ದುಡ್ಡಿದೆಯಲ್ಲ, ತಗೋ ಮಾರಾಯ’ ಎಂದ ಅವನು.

ಮನಸ್ಸು ಹೊಯ್ದಾಡಿದಾಗ ನಮ್ಮಂಥವರಿಗೆ ಲೆಕ್ಕವೇ ಗತಿ. ಎರಡು ತಿಂಗಳು ಒಂದು ನೋಟ್‌ಬುಕ್ ಇಟ್ಟೆ. ಮನಸ್ಸಿಗೆ ಒಪ್ಪದ ಪ್ರತಿ ಫೋಟೊಗೂ ಕಾರಣ ಬರೆದೆ. ಒಟ್ಟು 60. ಅದರಲ್ಲಿ 27ಕ್ಕೆ ಮಧ್ಯಾಹ್ನದ ಬಿಸಿಲು ಕಾರಣ. 14ರಲ್ಲಿ ಹಿನ್ನೆಲೆ ಸರಿಯಿಲ್ಲ; ಯಾರದೋ ತಲೆಯ ಮೇಲೆ ಕರೆಂಟ್ ಕಂಬ. 16 ಮಂದ ಬೆಳಕಿನಲ್ಲಿ ಅಲುಗಿದ್ದವು. ಹಕ್ಕಿ ದೂರವಿತ್ತು ಎಂಬ ಕಾರಣ ಬರೀ 3ಕ್ಕೆ. ಅಂದರೆ 41 ಫೋಟೊಗಳಿಗೆ ಮದ್ದು ಬೇಗ ಏಳುವುದು, ಇಲ್ಲವೇ ಎರಡು ಹೆಜ್ಜೆ ಸರಿದು ನಿಲ್ಲುವುದು. ಎರಡಕ್ಕೂ ಖರ್ಚಿಲ್ಲ.

ಉಳಿದದ್ದು ಆ 16. ನಮ್ಮೂರು ಕುಂದಾಪುರದ ಕಡೆ. ನನಗೆ ತುಂಬ ಇಷ್ಟದ ಜಾಗ ಯಕ್ಷಗಾನದ ಚೌಕಿ. ಅಲ್ಲಿ ಕಲಾವಿದರು ಕನ್ನಡಿ ಹಿಡಿದು ಬಣ್ಣ ಹಚ್ಚಿಕೊಳ್ಳುವುದನ್ನು ನೋಡುತ್ತಾ ಇಡೀ ರಾತ್ರಿ ಕಳೆಯಬಲ್ಲೆ. ಆದರೆ ಕ್ಯಾಮೆರಾ ಜೊತೆಗೇ ಬಂದ 18-55 ಲೆನ್ಸ್ 50 ಎಂ.ಎಂ. ಹತ್ತಿರ ಸುಮಾರು ಎಫ್/5.6ರಷ್ಟೇ ತೆರೆದುಕೊಳ್ಳುತ್ತದೆ. ಜೂಮ್ ಇಲ್ಲದ 50 ಎಂ.ಎಂ. ಲೆನ್ಸ್ ಎಫ್/1.8ರವರೆಗೆ ತೆರೆಯುತ್ತದೆ. ಈ ಸಂಖ್ಯೆ ಚಿಕ್ಕದಾದಷ್ಟೂ ಬೆಳಕಿನ ಕಿಂಡಿ ದೊಡ್ಡದು. 5.6ನ್ನು 1.8ರಿಂದ ಭಾಗಿಸಿ ವರ್ಗ ಮಾಡಿ: ಸುಮಾರು 9.7 ಪಟ್ಟು ಹೆಚ್ಚು ಬೆಳಕು! ಸೆಕೆಂಡಿನ 1/30 ಭಾಗ ಬೇಕಿದ್ದ ಕಡೆ 1/250 ಸಾಕು. ಬಣ್ಣ ಹಚ್ಚುವ ಬೆರಳು ಮಸುಕಾಗುವುದಿಲ್ಲ. ಒಂದು ಕಣ್ಣು ಸ್ಪಷ್ಟವಾಗಿ, ಇನ್ನೊಂದು ಮಂಜಾಗುವ ಅಪಾಯವಿದೆ. ಅದು ಅಭ್ಯಾಸದ ಮಾತು.

ಉದ್ದನೆಯ ಲೆನ್ಸ್ ದಂಡ ಎಂದು ನಾನು ಹೇಳುತ್ತಿಲ್ಲ. ರಂಗನತಿಟ್ಟಿಗೆ ವಾರವಾರ ಹೋಗುವವರಿಗೆ ಅದು ಬೇಕೇ ಬೇಕು. ಆದರೆ ನನ್ನ ಗೆಳೆಯನ ಲೆನ್ಸ್ ಭಾರ, ಮಳೆಗೆ ಭಯ, ಧೂಳಿಗೆ ಭಯ. ಹೆಚ್ಚಿನ ದಿನ ಬೀರುವಿನಲ್ಲೇ ಇರುತ್ತದೆ; ಕಂತು ಮಾತ್ರ ತಿಂಗಳು ತಪ್ಪದೆ ಹೊರಡುತ್ತದೆ. ಹೊಸ ಡಬ್ಬಿ ಬಿಚ್ಚುವ ಖುಷಿ ಸುಳ್ಳಲ್ಲ, ಆದರೆ ಅದಕ್ಕೆ ಆಯಸ್ಸು ಕಡಿಮೆ. ಆದ್ದರಿಂದ ನನ್ನ ಪ್ರಶ್ನೆ ಎರಡೇ: ನನ್ನನ್ನು ತಡೆಯುತ್ತಿರುವುದು ನಿಜಕ್ಕೂ ಈ ಸಲಕರಣೆಯೇ? ಹೊಸದು ಬಂದರೆ ನಾನು ಹೆಚ್ಚು ಸಲ ಹೊರಗೆ ಹೋಗುತ್ತೇನೆಯೇ?

ಮೈಸೂರಿನ ಟಿ.ಎಸ್. ಸತ್ಯನ್ 1977ರಲ್ಲಿ ಪದ್ಮಶ್ರೀ ಪಡೆದ ಛಾಯಾಗ್ರಾಹಕರು. ಅವರ ಕಪ್ಪು-ಬಿಳುಪು ಚಿತ್ರಗಳಲ್ಲಿರುವುದು ಬಹುಪಾಲು ಸಾಮಾನ್ಯ ಜನರ ದಿನನಿತ್ಯದ ಬದುಕು. ಅವನ್ನು ನೋಡುವಾಗ ಯಾವ ಲೆನ್ಸ್ ಎಂದು ಕೇಳಬೇಕೆನಿಸುವುದಿಲ್ಲ.

ಕೊನೆಗೆ ಬಳಸಿದ 50 ಎಂ.ಎಂ. ಲೆನ್ಸ್ ಒಂದನ್ನು 6 ಸಾವಿರಕ್ಕೆ ಕೊಂಡೆ. ಗಾಜಿನಲ್ಲಿ ಫಂಗಸ್ ಇದೆಯೇ ಎಂದು ಟಾರ್ಚ್ ಹಿಡಿದು ನೋಡಿ, ನನ್ನ ಕ್ಯಾಮೆರಾಕ್ಕೇ ಹಾಕಿ ಫೋಕಸ್ ಪರೀಕ್ಷಿಸಿ ದುಡ್ಡು ಕೊಟ್ಟೆ. ಉಳಿದ 12 ಸಾವಿರ ಲ್ಯಾಪ್‌ಟಾಪ್‌ಗೆ. ರಜೆಗೆ ಊರಿಗೆ ಹೋದಾಗ ಚೌಕಿಯಲ್ಲಿ ಹಿರಿಯ ವೇಷಧಾರಿಯೊಬ್ಬರು ಕ್ಯಾಮೆರಾದ ಪರದೆಯಲ್ಲಿ ತಮ್ಮ ಅರ್ಧ ಬಣ್ಣದ ಮುಖ ನೋಡಿ, ‘ನಂಗೊಂದ್ ಕಳ್ಸ್ ಮಾಣಿ’ ಎಂದರು. ಲೆನ್ಸ್ ಯಾವುದೆಂದು ಅವರು ಕೇಳಲಿಲ್ಲ.