ಬಿದಿರ ಗಾಳಕೋಲಿನ ಜೀರ್ಣೋದ್ಧಾರ

ಕಾವೇರಿಯು ಶಿವನಸಮುದ್ರದಲ್ಲಿ ಧುಮುಕಿ, ಹನೂರು ಸೀಮೆಯ ಕಾಡಿನ ಅಂಚನ್ನು ಬಳಸಿಕೊಂಡು ಹೊಗೇನಕಲ್ಲಿನತ್ತ ಸಾಗುವ ಕಣಿವೆಯು ಮಹಶೀರ್ ಮೀನಿನ, ಅಂದರೆ ನದಿದಂಡೆಯವರ ಬಿಳಿಮೀನಿನ, ಹೆಸರಾಂತ ನೆಲೆಯಾಗಿದ್ದು, ಆ ಮೀನಿಗೆ ರಾಗಿಹಿಟ್ಟಿನ ಉಂಡೆಯನ್ನು ಎರೆಯಾಗಿ ಸಿಕ್ಕಿಸಿ ಗಾಳ ಹಾಕುವ ರೂಢಿ ಇಲ್ಲಿ ಬಹುಕಾಲ ನಡೆದುಬಂದಿತ್ತು. ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್ 1873ರಲ್ಲಿ ಮಂಗಳೂರಿನಿಂದ ಹೊರತಂದ ‘ದಿ ರಾಡ್ ಇನ್ ಇಂಡಿಯಾ’ ಗ್ರಂಥವು ಈ ಹವ್ಯಾಸಕ್ಕೆ ಶಾಸ್ತ್ರದ ಶಿಸ್ತನ್ನು ತಂದಿತು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ ಹಿಡಿದ 120 ಪೌಂಡಿನ ಮೀನು ಇಂದಿಗೂ ದಾಖಲೆಯಾಗಿ ಉಲ್ಲೇಖಗೊಳ್ಳುತ್ತಿದೆ. ನಾರುಗಾಜಿನ ಕೋಲುಗಳು ಬರುವವರೆಗೂ ಇಂತಹ ಬೇಟೆಗೆ ಒದಗುತ್ತಿದ್ದುದರಲ್ಲಿ ಮುಖ್ಯವಾದದ್ದು ಬಿದಿರಿನ ಕೋಲು.

ಈ ಕೋಲಿನ ಮೂಲವಸ್ತುವಿಗೂ ಯಳಂದೂರಿನ ಬಿಳಿಗಿರಿರಂಗನ ಬೆಟ್ಟಕ್ಕೂ ಇರುವ ನಂಟನ್ನು ನೆನೆಯುವವರು ಕಡಿಮೆ. ಅಲ್ಲಿಯೂ ಮಲೆ ಮಹದೇಶ್ವರ ಬೆಟ್ಟದ ಸುತ್ತಲೂ ಬೆಳೆಯುವ, ಒಳಗೆ ಹೆಚ್ಚು ಪೊಳ್ಳಿಲ್ಲದ ಕಿರುಬಿದಿರು ಯಾವ ಜಾತಿಯದೋ, ಅದೇ ಜಾತಿಯ ಬಿದಿರು 19ನೇ ಶತಮಾನದಲ್ಲಿ ಬಂಗಾಳದ ಬಂದರಿನಿಂದ ಇಂಗ್ಲೆಂಡ್, ಅಮೆರಿಕಗಳಿಗೆ ಹಡಗೇರಿ ‘ಕಲ್ಕತ್ತಾ ಕೇನ್’ ಎಂದು ಹೆಸರಾಯಿತು. ಮುಂದೆ ಚೀನಾದ ಗುವಾಂಗ್‌ಡಾಂಗ್ ಸೀಮೆಯ, ಗೆಣ್ಣುಗಳ ನಡುವೆ ನೀಳವಾಗಿ ಬೆಳೆಯುವ ಟಾಂಕಿನ್ ಬಿದಿರು ಅದರ ಸ್ಥಾನವನ್ನು ಹಿಡಿಯಿತು. ಹಳೆಯ ಕೋಲಿನ ಮೈಮೇಲೆ ಅಲ್ಲಲ್ಲಿ ಸುಟ್ಟ ಕಲೆಗಳಿದ್ದರೆ ಅದು ಕಲ್ಕತ್ತಾ ಬಿದಿರಿನದೆಂದು ಊಹಿಸಲು ಅವಕಾಶವುಂಟಾದರೂ, ಆ ನೋಟಕ್ಕಾಗಿ ಬೇಕೆಂದೇ ಸುಟ್ಟ ಕೋಲುಗಳೂ ಇರುವುದರಿಂದ ಆ ಕುರುಹೊಂದನ್ನೇ ನಂಬಲಾಗದು.

ಕೋಲಿನ ರಚನೆಯನ್ನು ಅರಿಯದೆ ದುರಸ್ತಿಗೆ ಕೈಹಾಕುವುದು ಅಪಾಯಕರ. ಬಿದಿರನ್ನು ಸೀಳಿ, ಮುಕ್ಕೋನದ ಆರು ದಬ್ಬೆಗಳಾಗಿ ಹೆರೆದು, ಹೊರಮೈ ಹೊರಗೇ ಉಳಿಯುವಂತೆ ಅಂಟಿಸಿದಾಗ ಆರು ಮೂಲೆಯ ಕೋಲಾಗುತ್ತದೆ. ಬಿದಿರಿನ ನಾರು ತೊಗಟೆಯ ಕೆಳಗೇ ಅತ್ಯಂತ ದಟ್ಟವಾಗಿರುವುದರಿಂದ ಕೋಲಿನ ಕಸುವೆಲ್ಲ ಆ ತೆಳುಪದರದಲ್ಲಿದೆ. ಆದ್ದರಿಂದ ಹಳೆಯ ವಾರ್ನಿಷ್ ತೆಗೆಯುವಾಗ ಉಪ್ಪುಕಾಗದದಿಂದ ಬಿರುಸಾಗಿ ಉಜ್ಜಿದರೆ ಕೋಲು ಹೊಳೆಯುವುದೇನೋ ನಿಜ, ಅದರ ಬಲ ಮಾತ್ರ ಪುಡಿಯಾಗಿ ಉದುರಿಹೋಗಿರುತ್ತದೆ. ಬಲ್ಲವರು ಅಲಗನ್ನು ಮಲಗಿಸಿ ಹಿಡಿದು, ವಾರ್ನಿಷನ್ನಷ್ಟೇ ಕೆರೆದು ನಿಲ್ಲಿಸುತ್ತಾರೆ.

ಕೋಲಿನ ತುಂಡುಗಳನ್ನು ಜೋಡಿಸುವ ಲೋಹದ ಅಣಸೇ ಮೊದಲು ಸಡಿಲಗೊಳ್ಳುವ ಭಾಗ. ಕೋಲನ್ನು ಮೆಲ್ಲಗೆ ಅಲುಗಿಸಿದಾಗ ಅಲ್ಲಿ ‘ಟಿಕ್’ ಎಂಬ ಸದ್ದು ಬಂದರೆ ಒಳಗಿನ ಅಂಟು ಸತ್ತಿದೆ ಎಂದರ್ಥ. ಆಗ ಅಣಸನ್ನು ಸ್ಪಿರಿಟ್ ದೀಪದಲ್ಲಿ ಬಿಸಿಮಾಡಿ, ಬಿದಿರು ಕರಿಯಾಗುವ ಮೊದಲೇ ಎಳೆದು ಬಿಡಿಸಬೇಕಾಗುತ್ತದೆ. ತೇವ ತಗುಲಿ ಸರೇಸು, ಅಂದರೆ ಪ್ರಾಣಿಜನ್ಯ ಅಂಟು, ಕರಗಿ ದಬ್ಬೆಗಳು ಬಾಯಿಬಿಟ್ಟಿದ್ದರೆ ಅವುಗಳನ್ನು ಪುನಃ ಅಂಟಿಸಿ ದಾರದಿಂದ ಬಿಗಿದು ಒಣಗಿಸಬೇಕು. ಬಾಗಿದ ಕೋಲನ್ನು ಹದವಾಗಿ ಕಾಯಿಸಿ, ನೇರಗೊಳಿಸಿ, ತಣಿಯುವವರೆಗೆ ಹಿಡಿದಿರಬೇಕು. ಕುಟ್ಟೆ ಹುಳು ಒಳಹೊಕ್ಕ ದಬ್ಬೆಗೆ ಇವಾವುದೂ ಫಲಕೊಡುವುದಿಲ್ಲ.

ಕೊಳ್ಳೇಗಾಲದ ರೇಷ್ಮೆಯನ್ನು ಬಲ್ಲವರಿಗೆ ಈ ಕಸುಬಿನ ಕೊನೆಯ ಹಂತ ಪರಕೀಯವೆನಿಸದು. ಗಾಳದ ದಾರ ಹಾಯುವ ಉಂಗುರಗಳನ್ನು ಕೋಲಿಗೆ ಕಟ್ಟುವುದು ರೇಷ್ಮೆ ನೂಲಿನಿಂದಲೇ. ಅದರ ಒಂದೊಂದು ಸುತ್ತೂ ಹಿಂದಿನದಕ್ಕೆ ಒತ್ತಿಕೊಂಡಿರಬೇಕು, ನಡುವೆ ಬಿದಿರು ಕಾಣಬಾರದು. ಕೊನೆಯ ಕೆಲವು ಸುತ್ತುಗಳ ಅಡಿಯಲ್ಲಿ ಬೇರೊಂದು ದಾರದ ಕುಣಿಕೆಯನ್ನಿರಿಸಿ, ನೂಲಿನ ತುದಿಯನ್ನು ಅದರೊಳಗೆ ತೂರಿಸಿ ಎಳೆದುಬಿಟ್ಟರೆ ಗಂಟಿಲ್ಲದೆಯೇ ಕಟ್ಟು ನಿಲ್ಲುತ್ತದೆ. ವಾರ್ನಿಷ್ ಬಿದ್ದೊಡನೆ ತೆಳುವಾದ ರೇಷ್ಮೆ ಪಾರದರ್ಶಕವಾಗುವುದರಿಂದ, ಬಣ್ಣ ಉಳಿಯಬೇಕೆಂದರೆ ಅದಕ್ಕೆ ಮುಂಚೆಯೇ ಒಂದು ರಕ್ಷಕ ಲೇಪ ಕೊಡಬೇಕು. ನೈಲಾನ್ ನೂಲು ಅಗ್ಗವಾಗಿ ಸಿಗುತ್ತದೆ. ಆದರೂ ಹಳೆಯ ಕೋಲಿಗೆ ರೇಷ್ಮೆಯೇ ಸಲ್ಲತಕ್ಕದ್ದು.

ಕಾವೇರಿ ವನ್ಯಧಾಮದ ವ್ಯಾಪ್ತಿಯಲ್ಲಿ ಈಗ ಗಾಳ ಹಾಕುವಂತಿಲ್ಲ, ಡುಬ್ಬದ ಮಹಶೀರ್ 2018ರಿಂದ ಅಳಿವಿನ ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಯಲ್ಲಿದೆ; ಆ ನಿರ್ಬಂಧ ಸರ್ವಥಾ ಉಚಿತವಾದುದು. ಹೀಗಾಗಿ ಆ ಕಣಿವೆಯ ಬೇಟೆಗೆ ಮಾಡಿಸಿದ ಕೋಲುಗಳನ್ನು ಇಂದು ದುರಸ್ತಿಗೊಳಿಸುವುದು ಅಲ್ಲಿ ಮತ್ತೆ ಮೀನು ಹಿಡಿಯಲೆಂದಲ್ಲ, ಅವುಗಳನ್ನು ಮಾಡಿದ ಕೈಚಳಕವನ್ನು ಓದಲೆಂದು. ಈ ಕಾರಣಕ್ಕಾಗಿಯೇ ಬಿಸಿಗೆ ಬಿಟ್ಟುಕೊಡುವ ಅಂಟನ್ನು ಆರಿಸುವುದು, ತಯಾರಕರ ಬರಹವನ್ನು ಅಳಿಸದಿರುವುದು, ಬೆವರಿಗೆ ಕಪ್ಪಾದ ಬೆಂಡಿನ ಹಿಡಿಯನ್ನು ಬದಲಿಸದಿರುವುದು ಲೇಸು.