ಸಂತೆಯೂ ಅಂತರ್ಜಾಲವೂ: ಹುಟ್ಟುವಳಿಯ ಮಾರಾಟದಲ್ಲಿ ಎರಡನ್ನೂ ಕೂಡಿಸಿಕೊಳ್ಳುವ ಬಗೆ

ಪೈರನ್ನು ಬೆಳೆಯುವುದರಲ್ಲಿ ರೈತನು ತೋರುವ ಶ್ರದ್ಧೆಯ ಅರೆವಾಸಿಯನ್ನಾದರೂ ಅದನ್ನು ಮಾರುವುದರಲ್ಲಿ ತೋರಿದರೆ ಅವನ ಸಾಲದ ಹೊರೆಯು ಎಷ್ಟೋ ಹಗುರವಾಗುವುದೆಂಬುದು ಅನುಭವಿಗಳ ಮಾತು. ಬಿತ್ತನೆಗೆ ತಿಂಗಳುಗಟ್ಟಲೆ ಮುಂಚಿತವಾಗಿಯೇ ಗೊಬ್ಬರವನ್ನು ಕೂಡಿಡುವ ಬೇಸಾಯಗಾರನು, ಬೆಳೆದುದನ್ನು ಕೊಳ್ಳುವವರು ಯಾರೆಂಬುದನ್ನು ಕೊಯ್ಲಿನ ದಿನದವರೆಗೂ ವಿಚಾರಿಸುವುದಿಲ್ಲ. ಸಂತೆಯ ಹೊತ್ತಿಗೆ ಮೂರು ಮೊಳ ನೇಯ್ದಂತೆ, ಸರಕು ಗಾಡಿಯೇರಿದ ಮೇಲೆ ಧಾರಣೆಯನ್ನು ಕೇಳುವುದು ವಾಡಿಕೆಯಾಗಿದೆ. ಆ ವೇಳೆಗೆ ಬೆಲೆಯನ್ನು ಗೊತ್ತುಮಾಡುವ ಅಧಿಕಾರವು ಅವನ ಕೈಬಿಟ್ಟಿರುತ್ತದೆ.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಈ ನಾಲ್ಕು ತಾಲ್ಲೂಕುಗಳ ಮಟ್ಟಿಗೆ ಈ ಅಂಶವು ಬಹು ಮುಖ್ಯವಾದುದು. 2007ರಲ್ಲಿ ಕೋಲಾರದಿಂದ ಬೇರ್ಪಟ್ಟು ಹೊಸ ಜಿಲ್ಲೆಯಾದ ಈ ಸೀಮೆಯಲ್ಲಿ ವರ್ಷವೆಲ್ಲ ಹರಿಯುವ ನದಿಯೊಂದೂ ಇಲ್ಲ. ನಂದಿಯ ಬೆಟ್ಟಸಾಲಿನಲ್ಲಿ ಹುಟ್ಟುವ ಉತ್ತರ ಪಿನಾಕಿನಿಯು ಮಳೆಗಾಲದ ಹೊರತು ಮರಳಾಗಿಯೇ ಇರುತ್ತದೆ. ಎಷ್ಟೋ ಊರುಗಳಲ್ಲಿ ಸಾವಿರ ಅಡಿಗೂ ಆಳವಾದ ಕೊಳವೆ ಬಾವಿಗಳಿಂದ ನೀರನ್ನೆತ್ತಿ ದ್ರಾಕ್ಷಿ, ಟೊಮ್ಯಾಟೊ, ಹಿಪ್ಪುನೇರಳೆ, ಹೂವುಗಳನ್ನು ಬೆಳೆಯುತ್ತಾರೆ. ಇಷ್ಟು ದುಬಾರಿಯಾದ ನೀರಿನಿಂದ ಬೆಳೆದ ಮಾಲು ಒಂದು ಸಲ ನಷ್ಟಕ್ಕೆ ಹೋದರೆ ಮುಂದಿನ ಬೆಳೆಗೆ ಬಂಡವಾಳವೇ ಉಳಿಯುವುದಿಲ್ಲ.

ಈಚೆಗೆ ಅಂತರ್ಜಾಲದ ಮೂಲಕ ಮಾರುವ ಅನುಕೂಲಗಳು ಬಂದಿವೆ. ಕೆಲವರು ಇನ್ನು ಸಂತೆಯೂ ಬೇಡ, ಮಂಡಿಯೂ ಬೇಡವೆನ್ನುತ್ತಾರೆ. ಮತ್ತೆ ಕೆಲವರು ಇದೆಲ್ಲ ಪಟ್ಟಣದವರ ಆಟವೆಂದು ತಳ್ಳಿಹಾಕುತ್ತಾರೆ. ಎರಡು ಅಭಿಪ್ರಾಯಗಳೂ ಸರಿಯಲ್ಲ. ಎರಡು ದಾರಿಗಳನ್ನೂ ಕೂಡಿಸಿಕೊಂಡವನಿಗೇ ಲಾಭವೆಂಬುದನ್ನು ಈ ಸೀಮೆಯ ಅನುಭವವೇ ತೋರಿಸುತ್ತದೆ.

ಮಾರುಕಟ್ಟೆಯು ನಡೆದು ಬಂದ ದಾರಿ

ದನಗಳ ಜಾತ್ರೆಗಳಲ್ಲಿ ವಸ್ತ್ರದ ಮರೆಯಲ್ಲಿ ಬೆರಳು ಹಿಡಿದು ಬೆಲೆ ಸೂಚಿಸುವ ಪದ್ಧತಿಯನ್ನು ಹಿರಿಯರೆಲ್ಲರೂ ಬಲ್ಲರು. ಪಕ್ಕದಲ್ಲಿ ನಿಂತವನಿಗೂ ಬೆಲೆ ತಿಳಿಯದಿರುವುದೇ ಅದರ ಮರ್ಮ. ಬೆಲೆಯು ಗುಟ್ಟಾಗಿರುವವರೆಗೆ ಲಾಭವು ಮಧ್ಯಸ್ಥನದಾಗಿಯೇ ಇರುತ್ತದೆ. ಈ ಗುಟ್ಟನ್ನು ಬಯಲುಮಾಡುವ ಸಲುವಾಗಿಯೇ ಮೈಸೂರು ಸಂಸ್ಥಾನದಲ್ಲಿ 1939ರಲ್ಲಿ ವ್ಯವಸಾಯದ ಹುಟ್ಟುವಳಿಗಳ ಮಾರುಕಟ್ಟೆಯ ಕಾಯಿದೆಯು ಬಂದಿತು. ತರುವಾಯ 1966ರ ಕಾಯಿದೆಯು ಇಡೀ ರಾಜ್ಯಕ್ಕೆ ಅನ್ವಯಿಸಿತು. ಇದಕ್ಕೆ ಮುಂಚೆ, 1959ರಲ್ಲಿ, ತೋಟಗಾರಿಕೆಯ ಮೇಧಾವಿ ಡಾಕ್ಟರ್ ಎಂ. ಎಚ್. ಮರಿಗೌಡರ ಪ್ರಯತ್ನದಿಂದ ಬೆಂಗಳೂರಿನಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವು ಹುಟ್ಟಿತು. ಇಂದು ಹಾಪ್‌ಕಾಮ್ಸ್ ಎಂದು ಮನೆಮಾತಾಗಿರುವ ಸಂಸ್ಥೆಯು ಅದೇ.

2014ರಲ್ಲಿ ಕರ್ನಾಟಕ ಸರ್ಕಾರವು ರಾಷ್ಟ್ರೀಯ ಇ-ಮಾರುಕಟ್ಟೆ ಸೇವೆಗಳ ಸಂಸ್ಥೆಯ ಮೂಲಕ ರಾಜ್ಯದ ಮಾರುಕಟ್ಟೆಗಳನ್ನು ಒಂದೇ ವೇದಿಕೆಯಲ್ಲಿ ಬೆಸೆಯಲಾರಂಭಿಸಿತು. 2016ರ ಏಪ್ರಿಲ್ 14ರಂದು ದೇಶಕ್ಕೆಲ್ಲ ಒಂದಾದ ಇ-ನಾಮ್ ವ್ಯವಸ್ಥೆಯು ಮೊದಲಾಯಿತು. ಈ ಏರ್ಪಾಡಿನಂತೆ ಮಾರುಕಟ್ಟೆಯ ಬಾಗಿಲಲ್ಲಿ ರೈತನ ಸರಕಿಗೆ ಒಂದು ಲಾಟು ಸಂಖ್ಯೆಯು ದೊರೆಯುತ್ತದೆ. ವರ್ತಕರು ತಂತಮ್ಮ ಬೆಲೆಯನ್ನು ಯಂತ್ರದಲ್ಲಿ ನಮೂದಿಸುತ್ತಾರೆ. ಗೊತ್ತಾದ ವೇಳೆ ಮುಗಿದ ಮೇಲೆ ಹೆಚ್ಚಿನ ಬೆಲೆಯು ಪ್ರಕಟವಾಗುತ್ತದೆ. ಬೆಲೆಯು ಒಪ್ಪಿಗೆಯಾಗದಿದ್ದರೆ ನಿರಾಕರಿಸುವ ಹಕ್ಕು ರೈತನಿಗುಂಟು. ವಸ್ತ್ರದ ಮರೆಯೂ ಇಲ್ಲಿ ಉಂಟು, ಆದರೆ ಅದು ವರ್ತಕ ವರ್ತಕರ ನಡುವೆ ಮಾತ್ರ, ರೈತನ ಕಣ್ಣಿಗಲ್ಲ.

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ

ರೇಷ್ಮೆಗೂಡಿಗೆ ರಾಮನಗರದಂತೆಯೇ ಹೆಸರಾದುದು ಶಿಡ್ಲಘಟ್ಟ. ಹಣ್ಣಾದ ಹುಳುಗಳನ್ನು ಚಂದ್ರಿಕೆಗೆ ಬಿಟ್ಟ ಐದಾರು ದಿನಗಳಿಗೆ ಗೂಡು ಬಿಡಿಸುವರು. ಅನಂತರ ಕಾಯುವಂತಿಲ್ಲ. ಚಿಟ್ಟೆಯು ಗೂಡನ್ನು ಸೀಳಿ ಹೊರಬಂದರೆ ನೂಲು ತೆಗೆಯುವುದಕ್ಕೆ ಬಾರದು. ಆದುದರಿಂದ ಗೂಡಿನ ರೈತನಷ್ಟು ಅವಸರದಲ್ಲಿ ಮಾರಬೇಕಾದವನು ಮತ್ತೊಬ್ಬನಿಲ್ಲ. ಅವಸರವಿರುವವನು ಮೋಸಹೋಗುವ ಸಂಭವವೂ ಹೆಚ್ಚು.

ಈ ಮಾರುಕಟ್ಟೆಯಲ್ಲಿ ರೇಷ್ಮೆ ಇಲಾಖೆಯವರ ಮೇಲ್ವಿಚಾರಣೆಯಲ್ಲಿ ಇ-ಹರಾಜು ನಡೆಯುತ್ತದೆ. ಆದರೂ ಗೂಡು ಮನೆಯಲ್ಲಿದ್ದು ಚಿತ್ರವು ಮಾತ್ರ ಪೇಟೆಗೆ ಹೋಗುವುದಿಲ್ಲ. ರೈತನು ಗೂಡನ್ನು ತಂದು ಜಾಲರಿಯಲ್ಲಿ ಹರಡುತ್ತಾನೆ. ಪರವಾನಗಿ ಪಡೆದ ರೀಲರುಗಳು ಬಂದು ಗೂಡನ್ನು ಬೆರಳಿನಿಂದ ಒತ್ತಿ ನೋಡುತ್ತಾರೆ. ಜೋಡಿಗೂಡು, ಕಲೆಗೂಡುಗಳೆಷ್ಟೆಂದು ಪರೀಕ್ಷಿಸುತ್ತಾರೆ. ಆಮೇಲೆ ತಮ್ಮ ಮೊಬೈಲಿನಲ್ಲಿ ಬೆಲೆ ಕೂಗುತ್ತಾರೆ. ತೂಕವಾದ ಮೇಲೆ ಹಣವು ರೈತನ ಬ್ಯಾಂಕಿನ ಖಾತೆಗೆ ಸೇರುತ್ತದೆ.

ಇದರಲ್ಲಿ ಒಂದು ಪಾಠವುಂಟು. ಸರಕಿನ ಗುಣವನ್ನು ಕೈಯೂ ಕಣ್ಣೂ ನಿರ್ಣಯಿಸುತ್ತವೆ. ಬೆಲೆಯನ್ನು ಯಂತ್ರವು ಬಯಲುಮಾಡುತ್ತದೆ. ಮೊದಲನೆಯದು ಹಳೆಯ ಸಂತೆಯ ಗುಣ, ಎರಡನೆಯದು ಹೊಸ ಜಾಲದ ಗುಣ. ಒಂದನ್ನು ಬಿಟ್ಟು ಮತ್ತೊಂದನ್ನು ಹಿಡಿದರೆ ವ್ಯವಹಾರವು ಕುಂಟುತ್ತದೆ.

ಮಾವಿನ ಹಣ್ಣು ಕಲಿಸುವ ಪಾಠ

ರಾಜ್ಯದ ಮಾವು ಅಭಿವೃದ್ಧಿ ಮತ್ತು ಮಾರುಕಟ್ಟೆ ನಿಗಮದವರು ಕರ್‌ಸಿರಿ ಮ್ಯಾಂಗೋಸ್ ಎಂಬ ಜಾಲತಾಣವನ್ನೇರ್ಪಡಿಸಿದ್ದಾರೆ. ಬೆಳೆಗಾರನು ಅದರಲ್ಲಿ ಹೆಸರು ನೋಂದಾಯಿಸಿಕೊಂಡು ತನ್ನ ಹಣ್ಣನ್ನು ಪ್ರಕಟಿಸಬಹುದು. ಬೆಂಗಳೂರಿನ ಗೃಹಸ್ಥನು ಮನೆಯಿಂದಲೇ ಬೇಡಿಕೆ ಸಲ್ಲಿಸಿದರೆ ಪೆಟ್ಟಿಗೆಯನ್ನು ಅಂಚೆಯವರು ಬಾಗಿಲಿಗೆ ಮುಟ್ಟಿಸುವರು. 2020ರಲ್ಲಿ ಕೋವಿಡ್ ಸಾಂಕ್ರಾಮಿಕದಿಂದ ಪೇಟೆಗಳಿಗೆ ಬೀಗ ಬಿದ್ದಾಗ ಈ ಏರ್ಪಾಡು ಬಹುಮಂದಿಗೆ ಆಸರೆಯಾಯಿತು.

ಇದರ ಜತೆಗೆ ಲಾಲ್‌ಬಾಗಿನಲ್ಲಿ ಮಾವಿನ ಮೇಳವು ನಡೆಯುವುದುಂಟು. ಮೇಳದಲ್ಲಿ ಹಣ್ಣನ್ನು ಮೂಸಿ, ರುಚಿ ನೋಡಿ, ಬೆಳೆದವನ ಮುಖವನ್ನು ಕಂಡು ಒಯ್ದ ಗಿರಾಕಿಯೇ ಮುಂದೆ ದೂರವಾಣಿಯಲ್ಲಿ ಧೈರ್ಯವಾಗಿ ಬೇಡಿಕೆ ಕೊಡುತ್ತಾನೆ. ಕಾರ್ಬೈಡು ಹಾಕದೆ ಹಣ್ಣು ಮಾಡಿದುದೆಂಬ ಮಾತನ್ನು ಜಾಲತಾಣದ ಅಕ್ಷರದಿಂದ ನಂಬುವವರು ಕಡಿಮೆ. ಮಾರುವವನ ಮುಖ ನೋಡಿ ನಂಬುವವರು ಹೆಚ್ಚು. ಮೇಳದಲ್ಲಿ ಮಾರಿದ ಹಣ್ಣಿಗಿಂತ ಅಲ್ಲಿ ದೊರೆತ ಗಿರಾಕಿಯು ಹೆಚ್ಚು ಬೆಲೆಬಾಳುವನು. ಚಿಂತಾಮಣಿಯ ಕಡೆಯ ಮಾವಿನ ಬೆಳೆಗಾರರು ಈ ಅಂಶವನ್ನು ಮನಸ್ಸಿನಲ್ಲಿಡತಕ್ಕದ್ದು.

ಲೆಕ್ಕವಿಲ್ಲದ ಉತ್ಸಾಹವು ಬೇಡ

ನಂದಿಯ ಸುತ್ತಿನ ಬೆಂಗಳೂರು ನೀಲಿ ದ್ರಾಕ್ಷಿಗೆ ಭೌಗೋಳಿಕ ಗುರುತಿನ ಮಾನ್ಯತೆಯು ದೊರೆತಿದೆ. 2020ರಲ್ಲಿ ದ್ರಾಕ್ಷಿ ಬೆಳೆಗಾರರು ಅನೇಕರು ಬೆಂಗಳೂರಿನ ವಸತಿ ಸಮುಚ್ಚಯಗಳ ನಿವಾಸಿಗಳೊಡನೆ ವಾಟ್ಸಾಪಿನಲ್ಲಿ ಗೊತ್ತುಮಾಡಿಕೊಂಡು ನೇರವಾಗಿ ಮಾರಿದರು. ಆದರೆ ನೇರ ಮಾರಾಟವೆಲ್ಲವೂ ಲಾಭವೆಂದು ಭಾವಿಸಕೂಡದು.

ಲೆಕ್ಕಕ್ಕಾಗಿ ತೋಟದ ಬಾಗಿಲಲ್ಲಿ ಕಿಲೋವಿಗೆ 40 ರೂಪಾಯಿ, ಪಟ್ಟಣದ ಮನೆಯ ಬಾಗಿಲಲ್ಲಿ 70 ರೂಪಾಯಿ ಸಿಗುವುದೆಂದಿಟ್ಟುಕೊಂಡರೆ, 300 ಕಿಲೋವಿಗೆ ವ್ಯತ್ಯಾಸವು 9,000 ರೂಪಾಯಿ. ವಾಹನದ ಬಾಡಿಗೆ 3,600, ಪೆಟ್ಟಿಗೆಗಳಿಗೆ 1,500, ಕೂಲಿ 1,200, ಕೆಟ್ಟು ಹೋಗುವ 15 ಕಿಲೋವಿನ ಬಾಬತ್ತು 1,050, ಒಟ್ಟು ಖರ್ಚು 7,350. ಕೈಯಲ್ಲುಳಿಯುವುದು 1,650 ರೂಪಾಯಿ ಮಾತ್ರ. ಇದಕ್ಕಾಗಿ ಒಂದು ದಿನವೆಲ್ಲ ಪಟ್ಟಣದಲ್ಲಿ ಅಲೆಯಬೇಕು. ಅದೇ ವಾಹನದಲ್ಲಿ ನೆರೆಯ ಇಬ್ಬರ ಹಣ್ಣೂ ಸೇರಿದರೆ ಒಬ್ಬೊಬ್ಬನ ಬಾಡಿಗೆಯು 1,200ಕ್ಕೆ ಇಳಿದು, ಉಳಿಕೆಯು 4,050 ರೂಪಾಯಿಗೆ ಏರುತ್ತದೆ. ಯಂತ್ರವು ಗಿರಾಕಿಯನ್ನು ತೋರಿಸಿತು. ಆದರೆ ಲಾಭವನ್ನು ತಂದುಕೊಟ್ಟದ್ದು ನೆರೆಹೊರೆಯ ಒಗ್ಗಟ್ಟು.

ಕಾಯಬಲ್ಲ ಸರಕು, ಕಾಯಲಾರದ ಸರಕು

ಚಿಂತಾಮಣಿಯ ಟೊಮ್ಯಾಟೊ ಪೆಟ್ಟಿಗೆಯು ಒಂದೆರಡು ದಿನಗಳೊಳಗೆ ಮಾರಾಟವಾಗಲೇಬೇಕು. ಅದಕ್ಕೆ ಮಂಡಿಯೇ ಮುಖ್ಯ ದಾರಿ. ಅಂತರ್ಜಾಲದಿಂದಾಗುವ ಉಪಯೋಗವೆಂದರೆ ಯಾವ ಊರಿನ ಮಾರುಕಟ್ಟೆಯಲ್ಲಿ ಧಾರಣೆ ಹೇಗಿದೆಯೆಂದು ಹಣ್ಣನ್ನು ಕೀಳುವುದಕ್ಕೆ ಮುಂಚೆಯೇ ತಿಳಿಯುವುದು. ಕೃಷಿ ಮಾರಾಟ ವಾಹಿನಿಯೆಂಬ ಸರ್ಕಾರದ ಜಾಲತಾಣದಲ್ಲಿ ದಿನದಿನದ ಧಾರಣೆಯು ಪ್ರಕಟವಾಗುತ್ತದೆ.

ಗೌರಿಬಿದನೂರಿನ ಮುಸುಕಿನ ಜೋಳವೂ ರಾಗಿಯೂ ಹಾಗಲ್ಲ. ಹಿಂದಿನವರು ರಾಗಿಯನ್ನು ಹಗೇವಿನಲ್ಲಿ ವರ್ಷಗಟ್ಟಲೆ ಕಾಪಾಡುತ್ತಿದ್ದರು. ಜೋಳವನ್ನು ಶೇಕಡಾ 14ಕ್ಕಿಂತ ತೇವವಿಲ್ಲದಂತೆ ಒಣಗಿಸಿದರೆ ಬೂಷ್ಟು ಹಿಡಿಯದೆ ಉಳಿಯುತ್ತದೆ. 2007ರ ಉಗ್ರಾಣಗಳ ಕಾಯಿದೆಯಂತೆ ನೋಂದಣಿಯಾದ ಉಗ್ರಾಣದಲ್ಲಿ ಇರಿಸಿ ರಸೀತಿ ಪಡೆದರೆ, ಅದರ ಆಧಾರದ ಮೇಲೆ ಬ್ಯಾಂಕಿನಲ್ಲಿ ಸಾಲವೂ ದೊರೆಯುತ್ತದೆ. ಕಾಯಬಲ್ಲ ಸರಕಿಗೆ ದೂರದ ಗಿರಾಕಿಯನ್ನು ಹುಡುಕಲು ಅವಕಾಶವುಂಟು. ಆದರೆ ಕಾಣದ ಸರಕನ್ನು ಕೊಳ್ಳುವವನಿಗೆ ಬೇಕಾದುದು ಚೊಕ್ಕಟವಾದ ಮಾಲು, ಸರಿಯಾದ ತೂಕ, ಒಂದೇ ದರ್ಜೆ. ಮೇಲುಪದರದಲ್ಲಿ ಒಳ್ಳೆಯದನ್ನಿಟ್ಟು ಅಡಿಯಲ್ಲಿ ಹೊಲ್ಲನ್ನು ತುಂಬುವವನು ಸಂತೆಯಲ್ಲಿ ಒಬ್ಬನನ್ನು ಮೋಸಗೊಳಿಸಬಹುದು. ಜಾಲದಲ್ಲಿ ಆ ಅಪಕೀರ್ತಿಯು ಒಂದೇ ದಿನದಲ್ಲಿ ನೂರು ಮನೆಗಳಿಗೆ ಹರಡುತ್ತದೆ.

ಎಚ್ಚರಿಕೆಯ ಮಾತುಗಳು

ಎಲ್ಲಕ್ಕಿಂತ ದೊಡ್ಡ ಅಡ್ಡಿಯೆಂದರೆ ಮುಂಗಡ. ಬಿತ್ತನೆಯ ಕಾಲದಲ್ಲಿ ಮಂಡಿಯವರಿಂದ ಹಣ ಪಡೆದ ರೈತನು ಯಾವ ಪೇಟೆಯಲ್ಲಿ ಎಷ್ಟು ಧಾರಣೆಯಿದ್ದರೂ ಸರಕನ್ನು ಅಲ್ಲಿಗೇ ಒಯ್ಯಬೇಕಾಗುತ್ತದೆ. ಕೈಯಲ್ಲಿ ಮೊಬೈಲಿದ್ದರೂ ಕಾಲಿಗೆ ಸಂಕೋಲೆ ಬಿದ್ದಿರುತ್ತದೆ. ಸಹಕಾರ ಸಂಘದ ಬೆಳೆಸಾಲವನ್ನು ಸಕಾಲಕ್ಕೆ ದೊರಕಿಸಿಕೊಟ್ಟರೆ ಮಾತ್ರ ಈ ಸಂಕೋಲೆಯು ಕಳಚುವುದು. ದಲ್ಲಾಳಿಯ ಕಮಿಷನ್ನು ಕೊಳ್ಳುವವನಿಂದ ಬರತಕ್ಕದ್ದೇ ಹೊರತು ರೈತನಿಂದಲ್ಲವೆಂಬುದನ್ನೂ, ಬಿಳಿ ಚೀಟಿಗೆ ಬದಲು ಕ್ರಮವಾದ ಬಿಲ್ಲನ್ನು ಕೇಳಿ ಪಡೆಯಬೇಕೆಂಬುದನ್ನೂ ಮರೆಯಬಾರದು.

ಎರಡನೆಯ ಅಪಾಯವು ಹೊಸದು. ಗಿರಾಕಿಯೆಂದು ಹೇಳಿಕೊಂಡು, ಹಣ ಕಳುಹಿಸುವೆನೆಂದು ನಂಬಿಸಿ, ರೈತನ ಖಾತೆಯಿಂದಲೇ ಹಣವನ್ನು ಎಳೆದುಕೊಳ್ಳುವ ವಂಚಕರುಂಟು. ಹಣವನ್ನು ಪಡೆಯುವುದಕ್ಕೆ ಗುಟ್ಟಿನ ಸಂಖ್ಯೆಯನ್ನು ಒತ್ತುವ ಅಗತ್ಯವು ಎಂದಿಗೂ ಇಲ್ಲ. ಒತ್ತಿರೆಂದು ಹೇಳಿದವನು ಕಳ್ಳನೆಂದೇ ತಿಳಿಯತಕ್ಕದ್ದು. ಮೋಸವಾದಲ್ಲಿ ತಡಮಾಡದೆ 1930ಕ್ಕೆ ಕರೆಮಾಡಿ ದೂರು ಕೊಡಬೇಕು.

ಊರಿನ ಮುಖಂಡರ ಕರ್ತವ್ಯ

ಮೇಲ್ಕಂಡ ಕಾರ್ಯಗಳನ್ನು ಎರಡು ಮೂರು ಎಕರೆಯ ರೈತನು ಒಬ್ಬನೇ ಸಾಧಿಸಲಾರನು. ಊರಿನ ಮುಖಂಡರೂ ದೊಡ್ಡ ಹಿಡುವಳಿದಾರರೂ ಮುಂದೆ ಬಂದು ಈ ಕೆಳಗಿನ ಅಂಶಗಳನ್ನು ಆಚರಣೆಗೆ ತರುವುದು ಉಚಿತ.

1. ಗ್ರಾಮದ ಚಾವಡಿಯಲ್ಲಾಗಲಿ ಹಾಲಿನ ಡೇರಿಯಲ್ಲಾಗಲಿ ಪ್ರತಿದಿನವೂ ನಾಲ್ಕು ಮಾರುಕಟ್ಟೆಗಳ ಧಾರಣೆಯನ್ನು ಹಲಗೆಯ ಮೇಲೆ ಬರೆಯಿಸುವುದು.

2. ಒಂದೇ ಬೆಳೆಯವರನ್ನು ಕೂಡಿಸಿ ರೈತ ಉತ್ಪಾದಕರ ಸಂಸ್ಥೆಗೆ ಸೇರಿಸುವುದು. ವಾಹನವನ್ನೂ ಪೆಟ್ಟಿಗೆಗಳನ್ನೂ ಒಟ್ಟಾಗಿ ಗೊತ್ತುಮಾಡುವುದು. ಸಂಸ್ಥೆಯ ಹೆಸರಿನಲ್ಲಿ ಇ-ನಾಮ್, ಒ.ಎನ್.ಡಿ.ಸಿ. ಮುಂತಾದ ಜಾಲಗಳಲ್ಲಿ ನೋಂದಣಿಯಾಗುವುದು ಸುಲಭ.

3. ರಾಗಿಹಿಟ್ಟು, ಉಪ್ಪಿನಕಾಯಿ ಮೊದಲಾದ ತಯಾರಿಸಿದ ಪದಾರ್ಥಗಳನ್ನು ಮಾರುವವರು ಆಹಾರ ಸುರಕ್ಷತೆಯ ನೋಂದಣಿಯನ್ನು ಪಡೆದಿರುವಂತೆ ನೋಡಿಕೊಳ್ಳುವುದು.

4. ಮೇಳ, ಜಾತ್ರೆ, ಪ್ರದರ್ಶನಗಳಿಗೆ ಊರಿನ ಸರಕನ್ನು ಕಳುಹಿಸಿ, ಕೊಂಡವರ ದೂರವಾಣಿ ಸಂಖ್ಯೆಗಳನ್ನು ಅವರ ಒಪ್ಪಿಗೆಯಿಂದ ಬರೆದಿಡುವುದು.

5. ಸಂದೇಹಗಳನ್ನು ಚಿಂತಾಮಣಿಯ ಬಳಿ ಕುರುಬೂರಿನಲ್ಲಿರುವ ಕೃಷಿ ವಿಜ್ಞಾನ ಕೇಂದ್ರದಲ್ಲಿಯೂ, ಕಿಸಾನ್ ಕರೆ ಕೇಂದ್ರದ 1800-180-1551 ಸಂಖ್ಯೆಯಲ್ಲಿಯೂ ಕೇಳಿ ಪರಿಹರಿಸಿಕೊಳ್ಳುವುದು.

ಇಂದು ಎಷ್ಟೋ ಮನೆಗಳಲ್ಲಿ ಮೊಬೈಲಿನ ಬಳಕೆಯನ್ನು ಮಗನು ಬಲ್ಲನು, ಸರಕಿನ ಗುಣವನ್ನು ತಂದೆಯು ಬಲ್ಲನು. ಮಗನು ಬೆಂಗಳೂರಿಗೆ ಕೆಲಸ ಹುಡುಕಿಕೊಂಡು ಹೊರಟಿದ್ದಾನೆ. ತಂದೆಯು ಮಂಡಿಯ ಮುಂದೆ ಧಾರಣೆಗಾಗಿ ಕಾಯುತ್ತ ಕುಳಿತಿದ್ದಾನೆ. ಇಬ್ಬರ ತಿಳಿವಳಿಕೆಯೂ ಒಂದೇ ಹೊಲದ ಬದುವಿನಲ್ಲಿ ಕೂಡಿದರೆ ಬೆಳೆದುದಕ್ಕೆ ತಕ್ಕ ಬೆಲೆಯೂ ದೊರೆಯುವುದು, ಮಗನು ಊರಿನಲ್ಲಿ ನಿಲ್ಲುವುದಕ್ಕೆ ಕಾರಣವೂ ಒದಗುವುದು. ಈ ಕೂಡಿಕೆಯನ್ನು ಏರ್ಪಡಿಸುವ ಕೆಲಸವು ಮುಂದಿನ ಸುಗ್ಗಿಗೆ ಮುಂಚೆಯೇ ಮೊದಲಾಗತಕ್ಕದ್ದು.