ರ‍್ಯಾಮ್ ಡಬ್ಬದ ಮೇಲೆ 3600, ಕಂಪ್ಯೂಟರ್‌ನಲ್ಲಿ 2133: ಅಂಗಡಿಯವರು ಮೋಸ ಮಾಡಿದರೇ?

ಹೊಸ ಕಂಪ್ಯೂಟರ್ ಜೋಡಿಸಿಕೊಂಡವರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಬಗೆಯ ಸಂದೇಶ ಆಗಾಗ ತಿರುಗುತ್ತಿರುತ್ತದೆ. ಅದರ ಸಾರ ಇಷ್ಟು: ನೀವು 3600 ವೇಗದ ರ‍್ಯಾಮ್‌ಗೆ ದುಡ್ಡು ಕೊಟ್ಟಿದ್ದೀರಿ, ಆದರೆ ಅದು ಓಡುತ್ತಿರುವುದು 2133ರಲ್ಲಿ. ಅಂಗಡಿಯವರು ನಿಮಗೆ ಟೋಪಿ ಹಾಕಿದ್ದಾರೆ. ಬಯೋಸ್‌ಗೆ ಹೋಗಿ ಎಕ್ಸ್‌ಎಂಪಿ ಎಂಬ ಸೆಟ್ಟಿಂಗ್ ಆನ್ ಮಾಡಿ, ಕಂಪ್ಯೂಟರ್ ಹಾರುತ್ತದೆ, ಯಾವ ಅಪಾಯವೂ ಇಲ್ಲ.

ವೇಗ ಕಡಿಮೆ ತೋರಿಸುತ್ತದೆ ಎಂಬ ಮಾತು ನಿಜ. ಅಂಗಡಿಯವರು ಮೋಸ ಮಾಡಿದ್ದಾರೆ ಎಂಬುದು ಬಹುತೇಕ ಸುಳ್ಳು. ಇನ್ನು ‘ಯಾವ ಅಪಾಯವೂ ಇಲ್ಲ’ ಎಂಬ ಮಾತಿದೆಯಲ್ಲ, ಅದನ್ನು ನಂಬಿದರೆ ಕುತ್ತು ಬರುವುದು ಕಂಪ್ಯೂಟರಿಗಿಂತ ಹೆಚ್ಚಾಗಿ ಅದರೊಳಗಿನ ನಿಮ್ಮ ಫೋಟೊ, ಲೆಕ್ಕಪತ್ರ, ಪ್ರಬಂಧಗಳಿಗೆ.

ಒಂದೇ ರ‍್ಯಾಮ್‌ಗೆ ಎರಡು ವೇಗ ಹೇಗೆ?

ಮೆಮೊರಿಗೆ ಮಾನದಂಡ ನಿಗದಿ ಮಾಡುವ ಸಂಸ್ಥೆಯ ಹೆಸರು ಜೆಡೆಕ್. ಅದರ ಲೆಕ್ಕದಲ್ಲಿ ಡಿಡಿಆರ್4 ರ‍್ಯಾಮ್ 1.2 ವೋಲ್ಟ್‌ನಲ್ಲಿ ಓಡಬೇಕು, ಗರಿಷ್ಠ ವೇಗ 3200. ಡಿಡಿಆರ್5ಗೆ 1.1 ವೋಲ್ಟ್. ಪ್ರತಿ ರ‍್ಯಾಮ್ ಸ್ಟಿಕ್‌ನ ಮೇಲೆ ಒಂದು ಪುಟ್ಟ ಚಿಪ್ ಇರುತ್ತದೆ. ಜೆಡೆಕ್ ಮಾನದಂಡಕ್ಕೆ ಒಪ್ಪುವ ವೇಗಗಳ ಪಟ್ಟಿ ಅದರಲ್ಲಿ ಬರೆದಿರುತ್ತದೆ. ಕಂಪ್ಯೂಟರ್ ಆನ್ ಆದಾಗ ಮದರ್‌ಬೋರ್ಡ್ ಆ ಪಟ್ಟಿಯನ್ನೇ ಓದಿಕೊಂಡು ಹೊರಡುತ್ತದೆ. 2133 ಎಂಬುದು ಅಲ್ಲಿಂದ ಬಂದ ಅಂಕಿ.

2007ರಲ್ಲಿ ಇಂಟೆಲ್ ಕಂಪನಿ ಎಕ್ಸ್‌ಎಂಪಿ ಎಂಬ ಇನ್ನೊಂದು ಪಟ್ಟಿಯನ್ನು ಅದೇ ಚಿಪ್‌ನಲ್ಲಿ ಬರೆಯುವ ಪದ್ಧತಿ ತಂದಿತು. 2022ರಲ್ಲಿ ಎಎಂಡಿ ಕಂಪನಿ ತನ್ನದೇ ಎಕ್ಸ್‌ಪೋ ತಂದಿತು. ಡಬ್ಬದ ಮೇಲೆ ದೊಡ್ಡದಾಗಿ ಅಚ್ಚಾದ 3600 ಈ ಎರಡನೇ ಪಟ್ಟಿಯ ಅಂಕಿ. ಅದನ್ನು ಮುಟ್ಟಲು ಡಿಡಿಆರ್4ಗೆ ಸಾಮಾನ್ಯವಾಗಿ 1.35 ವೋಲ್ಟ್ ಕೊಡಬೇಕಾಗುತ್ತದೆ. ಅಂದರೆ ಆ ಸೆಟ್ಟಿಂಗ್ ಆನ್ ಮಾಡುವುದೇ ಓವರ್‌ಕ್ಲಾಕಿಂಗ್. ಪ್ರೊಸೆಸರ್ ಕಂಪನಿ ಹೊಣೆ ಹೊತ್ತ ವೇಗಕ್ಕಿಂತ ಹೆಚ್ಚು ಓಡಿಸುವುದು ಎಂದರ್ಥ. ಗಡಿಯಾರದ ವೇಗ, ವೋಲ್ಟೇಜ್ ಬದಲಿಸಿದರೆ ವಾರಂಟಿ ಹೋಗಬಹುದು, ಸ್ಥಿರತೆ ಕೆಡಬಹುದು ಎಂದು ಇಂಟೆಲ್ ತಾನೇ ಹೇಳುತ್ತದೆ.

‘ರ‍್ಯಾಮ್ ಕಂಪನಿಯವರೇ ಪರೀಕ್ಷೆ ಮಾಡಿ ಕೊಟ್ಟಿದ್ದಾರಲ್ಲ’ ಎಂದು ಕೇಳಬಹುದು. ಹೌದು, ಅವರು ತಮ್ಮ ಸ್ಟಿಕ್ ಪರೀಕ್ಷಿಸಿರುತ್ತಾರೆ. ಆದರೆ ಆ ವೇಗದಲ್ಲಿ ದತ್ತಾಂಶ ಓಡಾಡಲು ಇನ್ನಿಬ್ಬರು ಜೊತೆಗೂಡಬೇಕು: ನಿಮ್ಮ ಪ್ರೊಸೆಸರ್‌ನೊಳಗಿನ ಮೆಮೊರಿ ಕಂಟ್ರೋಲರ್ ಮತ್ತು ನಿಮ್ಮ ಮದರ್‌ಬೋರ್ಡ್‌ನಲ್ಲಿ ಇವೆರಡನ್ನೂ ಜೋಡಿಸುವ ಸಣ್ಣ ತಂತಿಗಳು. ನಿಮ್ಮ ಮನೆಯ ಪ್ರೊಸೆಸರನ್ನು ಆ ವೇಗದಲ್ಲಿ ಯಾರೂ ಪರೀಕ್ಷಿಸಿಲ್ಲ. ಒಂದೇ ಮಾದರಿಯ ಎರಡು ಪ್ರೊಸೆಸರ್‌ಗಳಲ್ಲಿ ಒಂದು 3600ಕ್ಕೆ ಸಲೀಸಾಗಿ ಒಗ್ಗಿಕೊಂಡು, ಇನ್ನೊಂದು ತಡವರಿಸುವುದುಂಟು.

ಇಲ್ಲೇ ಇನ್ನೊಂದು ಗೊಂದಲ ಬಿಡಿಸಿಬಿಡೋಣ. ಸಿಪಿಯು-ಝಡ್ ಎಂಬ ಆ್ಯಪ್‌ನಲ್ಲಿ ನೋಡಿದರೆ 3200ರ ರ‍್ಯಾಮ್ ಸುಮಾರು 1600 ಮೆಗಾಹರ್ಟ್ಸ್ ಎಂದು ಕಾಣಿಸುತ್ತದೆ. ಗಾಬರಿ ಬೇಡ. ಡಿಡಿಆರ್ ಅಂದರೇನೇ ಗಡಿಯಾರದ ಒಂದು ಬಡಿತಕ್ಕೆ ಎರಡು ಸಲ ದತ್ತಾಂಶ ಕಳಿಸುವುದು. 1600ರ ಎರಡರಷ್ಟು 3200. ಲೆಕ್ಕ ಸರಿಯಾಗಿದೆ.

ಸೋರುವ ಕೊಡ

ರ‍್ಯಾಮ್‌ನೊಳಗೆ ಕೋಟಿಗಟ್ಟಲೆ ಅತಿ ಸಣ್ಣ ಕೋಶಗಳಿವೆ. ಕೋಶದಲ್ಲಿ ವಿದ್ಯುತ್ ತುಂಬಿದ್ದರೆ 1, ಇಲ್ಲದಿದ್ದರೆ 0. ತೊಂದರೆ ಏನೆಂದರೆ ಈ ಕೋಶಗಳೆಲ್ಲ ಸೋರುವ ಕೊಡಗಳು. ತುಂಬಿದ್ದು ಕ್ಷಣಮಾತ್ರದಲ್ಲಿ ಇಳಿಯತೊಡಗುತ್ತದೆ. ಹಾಗಾಗಿ ಡಿಡಿಆರ್4ನಲ್ಲಿ 64 ಮಿಲಿಸೆಕೆಂಡಿಗೊಮ್ಮೆ ಎಲ್ಲ ಕೋಶಗಳನ್ನೂ ಓದಿ ಮತ್ತೆ ತುಂಬಲಾಗುತ್ತದೆ. ಬಿಸಿ ಹೆಚ್ಚಿದಷ್ಟೂ ಸೋರಿಕೆ ಹೆಚ್ಚು. ಚಿಪ್ 85 ಡಿಗ್ರಿ ಸೆಲ್ಸಿಯಸ್ ದಾಟಿದರೆ ಎರಡರಷ್ಟು ಬೇಗ ತುಂಬಬೇಕು ಎಂದು ಮಾನದಂಡದಲ್ಲೇ ಇದೆ.

ವೇಗ ಏರಿಸುವುದೆಂದರೆ ಓದಲು, ಬರೆಯಲು ಸಿಗುವ ಸಮಯ ಕಡಿತ ಮಾಡುವುದು. ಸಮಯ ಸಾಲದಿದ್ದರೆ 1 ಇದ್ದದ್ದು 0 ಎಂದು ಓದಿಹೋಗುತ್ತದೆ, ಅಥವಾ 0 ಇದ್ದದ್ದು 1 ಆಗುತ್ತದೆ. ಕೋಟಿಯಲ್ಲಿ ಒಂದು ತಪ್ಪಿದರೆ ಏನು ಮಹಾ ಅನ್ನಿಸಬಹುದು. ಎಲ್ಲಿ ತಪ್ಪಿತು ಎಂಬುದರ ಮೇಲೆ ಎಲ್ಲವೂ ನಿಂತಿದೆ.

2003ರ ಮೇ ತಿಂಗಳಲ್ಲಿ ಬೆಲ್ಜಿಯಂ ದೇಶದ ಚುನಾವಣೆ ನಡೆದಾಗ, ಬ್ರಸೆಲ್ಸ್ ನಗರದ ಸ್ಕಾರ್ಬೇಕ್ ಎಂಬಲ್ಲಿ ಒಬ್ಬ ಅಭ್ಯರ್ಥಿಗೆ ಎಲೆಕ್ಟ್ರಾನಿಕ್ ಎಣಿಕೆಯಲ್ಲಿ 4096 ಮತ ಹೆಚ್ಚಿಗೆ ಬಂತು. ಅಷ್ಟು ಮತ ಬರಲು ಸಾಧ್ಯವೇ ಇರಲಿಲ್ಲ, ಹಾಗಾಗಿ ಸಿಕ್ಕಿಬಿತ್ತು. 4096 ಎಂಬ ಅಂಕಿಯೇ ಸುಳಿವು ಕೊಟ್ಟಿತು. 12 ಎರಡುಗಳನ್ನು ಒಂದಕ್ಕೊಂದು ಗುಣಿಸಿದರೆ 4096. ಕಂಪ್ಯೂಟರ್‌ನ ಎರಡರ ಲೆಕ್ಕದಲ್ಲಿ ಒಂದೇ ಒಂದು ಸ್ಥಾನ 0ಯಿಂದ 1 ಆದರೆ ಮೊತ್ತಕ್ಕೆ ಸರಿಯಾಗಿ ಅಷ್ಟೇ ಸೇರುತ್ತದೆ. ಅಲ್ಲಿ ಯಾರೂ ಓವರ್‌ಕ್ಲಾಕ್ ಮಾಡಿರಲಿಲ್ಲ. ಬಾಹ್ಯಾಕಾಶದಿಂದ ಬಂದ ಕಣವೊಂದು ಬಡಿದಿರಬಹುದು ಎಂಬ ಊಹೆಯೇ ಕೊನೆಗೆ ಉಳಿಯಿತು. ನಮಗೆ ಬೇಕಾದದ್ದು ಆ ಊಹೆಯಲ್ಲ, ಒಂದು ಬಿಟ್ ತಪ್ಪಿದರೆ ಎಷ್ಟಾಗುತ್ತದೆ ಎಂಬ ಅಂದಾಜು. ನಿಮ್ಮ ಅಂಗಡಿ ಲೆಕ್ಕದಲ್ಲಿ 1,250 ರೂಪಾಯಿಯ ಒಂದು ಬಾಕಿಗೆ ಇದೇ ಗತಿಯಾದರೆ ಅದು 5,346 ಆಗಿ ಕೂರುತ್ತದೆ. ಪರದೆಯ ಮೇಲೆ ಯಾವ ಎಚ್ಚರಿಕೆಯೂ ಬರುವುದಿಲ್ಲ.

ಫೈಲ್ ಕಾಪಿ ಮಾಡುವಾಗ, ಸೇವ್ ಮಾಡುವಾಗ, ಜಿಪ್ ಬಿಚ್ಚುವಾಗ ದತ್ತಾಂಶವೆಲ್ಲ ರ‍್ಯಾಮ್ ಮೂಲಕವೇ ಹಾದುಹೋಗಬೇಕು. ಅಲ್ಲಿ ತಪ್ಪಾದದ್ದು ಹಾರ್ಡ್‌ಡಿಸ್ಕ್‌ಗೆ ತಪ್ಪಾಗಿಯೇ ಇಳಿಯುತ್ತದೆ. ಬ್ಯಾಕಪ್ ತೆಗೆದರೆ ಬ್ಯಾಕಪ್‌ನಲ್ಲೂ ಅದೇ ತಪ್ಪು. ಮದುವೆ ಫೋಟೊ ತೆರೆದರೆ ಅರ್ಧ ಚಿತ್ರ ಬೂದು ಬಣ್ಣ, ಎರಡು ವರ್ಷದ ಹಿಂದಿನ ಜಿಪ್ ಫೈಲ್ ಬಿಚ್ಚುವುದಿಲ್ಲ, ವಿಂಡೋಸ್ ಅಪ್‌ಡೇಟ್ ಅರ್ಧಕ್ಕೆ ನಿಲ್ಲುತ್ತದೆ. ಜನ ವೈರಸ್ ಅನ್ನುತ್ತಾರೆ, ಹಾರ್ಡ್‌ಡಿಸ್ಕ್ ಹೋಯಿತು ಅನ್ನುತ್ತಾರೆ, ಫಾರ್ಮ್ಯಾಟ್ ಮಾಡಿಸುತ್ತಾರೆ. ರ‍್ಯಾಮ್ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ನಮ್ಮ ಪ್ರಕಾರ ನೀಲಿ ಪರದೆ ಬಂದು ಕಂಪ್ಯೂಟರ್ ನಿಂತುಹೋದವರೇ ಅದೃಷ್ಟವಂತರು. ಅವರಿಗೆ ಕೊನೆಪಕ್ಷ ಏನೋ ಸರಿಯಿಲ್ಲ ಎಂದು ಗೊತ್ತಾಗುತ್ತದೆ.

ಸರ್ವರ್‌ಗಳಲ್ಲಿ ಇಂಥ ತಪ್ಪು ಹಿಡಿದು ತಿದ್ದುವ ಇಸಿಸಿ ರ‍್ಯಾಮ್ ಬಳಸುತ್ತಾರೆ. ಗೂಗಲ್‌ನ ಸರ್ವರ್‌ಗಳ ಬಗ್ಗೆ 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ವರ್ಷವೊಂದರಲ್ಲಿ ಶೇ. 8ಕ್ಕೂ ಹೆಚ್ಚು ಸ್ಟಿಕ್‌ಗಳಲ್ಲಿ ತಪ್ಪುಗಳು ಕಂಡಿದ್ದವು. ನಮ್ಮ ಮನೆ, ಕಚೇರಿಯ ಡೆಸ್ಕ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಇಸಿಸಿ ಇರುವುದಿಲ್ಲ. ‘ಡಿಡಿಆರ್5ನಲ್ಲಿ ಇಸಿಸಿ ಒಳಗೇ ಇದೆ, ಇನ್ನು ಚಿಂತೆಯಿಲ್ಲ’ ಎಂಬ ಫಾರ್ವರ್ಡ್ ಕೂಡ ಪೂರ್ತಿ ಸರಿಯಲ್ಲ. ಅದು ಚಿಪ್‌ನ ಒಳಗಿನ ಕೋಶಗಳ ತಪ್ಪನ್ನು ತಿದ್ದುತ್ತದೆ. ಸ್ಟಿಕ್‌ನಿಂದ ಪ್ರೊಸೆಸರ್‌ಗೆ ಹೋಗುವ ದಾರಿಯಲ್ಲಾಗುವ ತಪ್ಪನ್ನಲ್ಲ. ಓವರ್‌ಕ್ಲಾಕ್ ಮಾಡಿದಾಗ ಒತ್ತಡ ಬೀಳುವುದು ಆ ದಾರಿಯ ಮೇಲೂ.

ಕಂಪ್ಯೂಟರ್ ಸುಟ್ಟುಹೋಗುತ್ತದೆಯೇ?

ಸಾಮಾನ್ಯವಾಗಿ ಇಲ್ಲ. ಆದರೆ 2023ರ ಏಪ್ರಿಲ್‌ನಲ್ಲಿ ಎಎಂಡಿಯ ರೈಜೆನ್ 7000 ಸರಣಿಯ ಕೆಲವು ಪ್ರೊಸೆಸರ್‌ಗಳು ಸುಟ್ಟ ಪ್ರಕರಣಗಳು ಹೊರಬಂದವು. ಎಕ್ಸ್‌ಪೋ ಆನ್ ಮಾಡಿದಾಗ ಕೆಲವು ಬೋರ್ಡ್‌ಗಳು ಪ್ರೊಸೆಸರ್‌ನ ಒಂದು ಭಾಗಕ್ಕೆ ಮಿತಿಮೀರಿ ವೋಲ್ಟೇಜ್ ಕೊಡುತ್ತಿದ್ದದ್ದು ಕಂಡುಬಂತು. ಎಎಂಡಿ ಅದಕ್ಕೆ 1.3 ವೋಲ್ಟ್‌ನ ಮಿತಿ ಹಾಕಿ ಬಯೋಸ್ ಅಪ್‌ಡೇಟ್ ಬಿಡುಗಡೆ ಮಾಡಿಸಿತು. ಆ ಸರಣಿಯ ಕಂಪ್ಯೂಟರ್ ಇದ್ದು ಬಯೋಸ್ ಅಪ್‌ಡೇಟ್ ಆಗಿಲ್ಲದಿದ್ದರೆ ಎಕ್ಸ್‌ಪೋ ಮುಟ್ಟುವ ಮೊದಲು ಅದನ್ನು ಮಾಡಿಸಿ.

ಕೊಳ್ಳುವಾಗ ಏನು ನೋಡಬೇಕು?

ಅಂಗಡಿಗೆ ಹೋಗುವ ಮೊದಲು, ಅದು ಬೆಂಗಳೂರಿನ ಎಸ್‌.ಪಿ. ರೋಡೇ ಆಗಲಿ ನಿಮ್ಮೂರಿನ ಅಂಗಡಿಯೇ ಆಗಲಿ, ಪ್ರೊಸೆಸರ್ ಕಂಪನಿಯ ವೆಬ್‌ಸೈಟಿನಲ್ಲಿ ನಿಮ್ಮ ಪ್ರೊಸೆಸರ್ ಎಷ್ಟು ವೇಗದ ಮೆಮೊರಿಗೆ ಒಪ್ಪುತ್ತದೆ ಎಂದು ನೋಡಿಕೊಳ್ಳಿ. ಇಂಟೆಲ್ ಐ5-12400ಕ್ಕೆ ಡಿಡಿಆರ್4 ಆದರೆ 3200, ಡಿಡಿಆರ್5 ಆದರೆ 4800. ರೈಜೆನ್ 5 5600ಕ್ಕೆ 3200. ಅಷ್ಟೇ ವೇಗದ್ದು ಕೊಂಡರೆ ಓವರ್‌ಕ್ಲಾಕ್ ಮಾಡುವ ಪ್ರಶ್ನೆಯೇ ಇಲ್ಲ.

ಇಲ್ಲೊಂದು ಕಣ್ಣುತಪ್ಪುವ ಜಾಗವಿದೆ. ‘3200’ ಎಂದು ಬರೆದ ಎಲ್ಲ ರ‍್ಯಾಮ್‌ಗಳೂ ಒಂದೇ ಅಲ್ಲ. ಲೇಬಲ್ ಮೇಲೆ 1.2 ವೋಲ್ಟ್, ಸಿಎಲ್22 ಎಂದಿದ್ದರೆ ಅದು ಜೆಡೆಕ್ ಪ್ರಕಾರದ 3200. ಹಾಕಿದ ಕೂಡಲೇ ತಾನಾಗಿಯೇ ಆ ವೇಗದಲ್ಲಿ ಓಡುತ್ತದೆ. 1.35 ವೋಲ್ಟ್, ಸಿಎಲ್16 ಎಂದಿದ್ದರೆ ಅದು ಎಕ್ಸ್‌ಎಂಪಿಯ 3200. ಗೊಂಚಲು ಬಣ್ಣದ ದೀಪ, ದಪ್ಪ ಲೋಹದ ಹೊದಿಕೆ ಇರುವವು ಹೆಚ್ಚಾಗಿ ಎರಡನೇ ಗುಂಪಿನವು. ಅವು ಕೆಟ್ಟವಲ್ಲ, ಆದರೆ ನೀವು ಏನು ಕೊಳ್ಳುತ್ತಿದ್ದೀರಿ ಎಂಬುದು ಗೊತ್ತಿರಲಿ. ಸ್ಥಿರತೆಯೇ ಮುಖ್ಯವಾದವರಿಗೆ ನೋಡಲು ಸಪ್ಪೆಯಾದ ಹಸಿರು ಹಲಗೆಯ 1.2 ವೋಲ್ಟ್ ಸ್ಟಿಕ್ಕೇ ವಾಸಿ.

ಎಷ್ಟು ಸ್ಟಿಕ್ ಎಂಬುದೂ ಲೆಕ್ಕಕ್ಕೆ ಬರುತ್ತದೆ. ರೈಜೆನ್ 7000 ಸರಣಿಯ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಿಗೆ ಎರಡು ಸ್ಟಿಕ್ ಹಾಕಿದರೆ ಎಎಂಡಿ ಹೇಳುವ ವೇಗ 5200. ನಾಲ್ಕು ಹಾಕಿದರೆ 3600 ಮಾತ್ರ. ನಾಲ್ಕು ಸ್ಟಿಕ್‌ಗಳ ಭಾರ ಹೊರುವುದು ಮೆಮೊರಿ ಕಂಟ್ರೋಲರ್‌ಗೆ ಅಷ್ಟು ಕಷ್ಟ. ಆದ್ದರಿಂದ ‘ಈಗ ಎರಡು ಹಾಕಿಸೋಣ, ಮುಂದಿನ ವರ್ಷ ಇನ್ನೆರಡು’ ಎಂಬ ಲೆಕ್ಕಾಚಾರ ಬೇಡ. 32 ಜಿಬಿ ಬೇಕಾದೀತು ಅನ್ನಿಸಿದರೆ ಮೊದಲೇ 16ರ ಎರಡು ಸ್ಟಿಕ್, ಅದೂ ಒಂದೇ ಡಬ್ಬದಲ್ಲಿ ಜೋಡಿಯಾಗಿ ಬರುವುದನ್ನು ಕೊಳ್ಳಿ. ಬೇರೆ ಬೇರೆ ಕಾಲದಲ್ಲಿ ಕೊಂಡ ಸ್ಟಿಕ್‌ಗಳ ಹೆಸರು ಒಂದೇ ಇದ್ದರೂ ಒಳಗಿನ ಚಿಪ್ ಬೇರೆ ಇರಬಹುದು. ಮದರ್‌ಬೋರ್ಡ್ ಕಂಪನಿಯ ಸೈಟಿನಲ್ಲಿ ಪರೀಕ್ಷಿಸಿದ ರ‍್ಯಾಮ್‌ಗಳ ಪಟ್ಟಿ ಇರುತ್ತದೆ. ಅದರಲ್ಲಿ ನಿಮ್ಮ ಮಾದರಿ ಸಂಖ್ಯೆ ಇದೆಯೇ, ಎಷ್ಟು ಸ್ಟಿಕ್ ಹಾಕಿ ಪರೀಕ್ಷಿಸಿದ್ದಾರೆ ಎಂದೂ ನೋಡಿ. ನಾಲ್ಕು ಸ್ಲಾಟ್ ಇರುವ ಬೋರ್ಡ್‌ಗಳಲ್ಲಿ ಎರಡು ಸ್ಟಿಕ್ ಹಾಕುವಾಗ ಹೆಚ್ಚಾಗಿ ಪ್ರೊಸೆಸರ್ ಕಡೆಯಿಂದ ಎಣಿಸಿ 2 ಮತ್ತು 4ನೇ ಸ್ಲಾಟ್.

ಇಂಟೆಲ್‌ನ ಎಚ್610 ಬೋರ್ಡ್ ಇರುವವರು 3600ಕ್ಕೆ ಹೆಚ್ಚು ದುಡ್ಡು ಕೊಡುವುದು ದಂಡ. ಆ ಬೋರ್ಡ್‌ಗಳಲ್ಲಿ ಮೆಮೊರಿ ಓವರ್‌ಕ್ಲಾಕಿಂಗ್‌ಗೆ ಅವಕಾಶವೇ ಇಲ್ಲ.

ಇನ್ನು ಹೆಚ್ಚಿನ ವೇಗದಿಂದ ಸಿಗುವುದೆಷ್ಟು? ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ಗೇಮ್ ಆಡುವವರಿಗೆ ವ್ಯತ್ಯಾಸ ಕಾಣುತ್ತದೆ, ಏಕೆಂದರೆ ಅಲ್ಲಿ ಗ್ರಾಫಿಕ್ಸ್‌ಗೂ ಇದೇ ರ‍್ಯಾಮ್ ಬಳಕೆಯಾಗುತ್ತದೆ. ಡಿಟಿಪಿ, ಟ್ಯಾಲಿ, ಬ್ರೌಸರ್, ಆನ್‌ಲೈನ್ ತರಗತಿ ಇವಕ್ಕೆ 3200ಕ್ಕೂ 3600ಕ್ಕೂ ವ್ಯತ್ಯಾಸ ಅನುಭವಕ್ಕೆ ಬರುವುದು ಕಷ್ಟ. ಸಿಎಲ್ ಎಂಬ ಅಂಕಿಯನ್ನು 2000ದಿಂದ ಗುಣಿಸಿ, ವೇಗದಿಂದ ಭಾಗಿಸಿ ನೋಡಿ: 3200ರ ಸಿಎಲ್16ಕ್ಕೆ 10 ನ್ಯಾನೊಸೆಕೆಂಡ್, 3600ರ ಸಿಎಲ್18ಕ್ಕೂ 10 ನ್ಯಾನೊಸೆಕೆಂಡ್. ಕೇಳಿದ ದತ್ತಾಂಶ ಬರತೊಡಗಲು ಎರಡೂ ತೆಗೆದುಕೊಳ್ಳುವ ಸಮಯ ಒಂದೇ. ಒಂದೇ 8 ಜಿಬಿಯ ದುಬಾರಿ ಸ್ಟಿಕ್‌ಗಿಂತ 8ರ ಎರಡು ಸಾದಾ ಸ್ಟಿಕ್‌ಗಳಿಂದ ಹೆಚ್ಚು ಲಾಭ.

ಈಗಾಗಲೇ ಆನ್ ಮಾಡಿದ್ದರೆ?

ಕೂಡಲೇ ಆಫ್ ಮಾಡಿ ಎಂದು ನಾವು ಹೇಳುವುದಿಲ್ಲ. ಬಹಳಷ್ಟು ಕಂಪ್ಯೂಟರ್‌ಗಳು ಎಕ್ಸ್‌ಎಂಪಿಯಲ್ಲೇ ವರ್ಷಗಟ್ಟಲೆ ಸರಿಯಾಗಿ ಓಡುತ್ತವೆ. ನಿಮ್ಮದು ಅಂಥದ್ದೇ ಎಂದು ಪರೀಕ್ಷಿಸಿ ತಿಳಿದುಕೊಳ್ಳಿ. ಮೆಮ್‌ಟೆಸ್ಟ್86 ಉಚಿತವಾಗಿ ಸಿಗುತ್ತದೆ. ಪೆನ್‌ಡ್ರೈವ್‌ಗೆ ಹಾಕಿ ಅದರಿಂದಲೇ ಕಂಪ್ಯೂಟರ್ ಆನ್ ಮಾಡಬೇಕು. ರಾತ್ರಿ ಮಲಗುವ ಮುಂಚೆ ಶುರು ಮಾಡಿದರೆ ನಾಲ್ಕು ಸುತ್ತು ಮುಗಿಸಲು ಕೆಲವು ಗಂಟೆ ಬೇಕು. ನಡುವೆ ಕರೆಂಟ್ ಹೋಗುವ ಊರಾದರೆ ಯುಪಿಎಸ್ ಇರಲಿ. ಬೆಳಗ್ಗೆ ಒಂದೇ ಒಂದು ತಪ್ಪು ತೋರಿಸಿದರೂ ಫೇಲ್ ಎಂದೇ ಲೆಕ್ಕ. ‘ಒಂದೇ ತಾನೆ’ ಎನ್ನುವಂತಿಲ್ಲ. ಡಿಸೆಂಬರ್‌ನಲ್ಲಿ ಪಾಸಾದದ್ದು ಕಲಬುರಗಿ, ರಾಯಚೂರಿನ ಮೇ ತಿಂಗಳಲ್ಲಿ ಫೇಲಾಗಬಹುದು, ಹಾಗಾಗಿ ಬೇಸಿಗೆಯಲ್ಲಿ ಇನ್ನೊಮ್ಮೆ ನೋಡುವುದು ಒಳ್ಳೆಯದು.

ತಪ್ಪು ಬಂದರೆ ಎಕ್ಸ್‌ಎಂಪಿ ಆಫ್ ಮಾಡಿ ಮತ್ತೆ ಪರೀಕ್ಷಿಸಿ. ಈಗ ಪಾಸಾದರೆ ರ‍್ಯಾಮ್ ಕೆಟ್ಟಿಲ್ಲ, ಆ ವೇಗ ನಿಮ್ಮ ಕಂಪ್ಯೂಟರ್‌ಗೆ ಒಗ್ಗುತ್ತಿಲ್ಲ ಅಷ್ಟೆ. ಎಕ್ಸ್‌ಎಂಪಿ ಇಟ್ಟುಕೊಂಡೇ ವೇಗವನ್ನು ಮಾತ್ರ 3600ರಿಂದ 3200ಕ್ಕೆ ಇಳಿಸಿ ನೋಡಬಹುದು. ವೋಲ್ಟೇಜ್ ಏರಿಸಿ ಸರಿಮಾಡುವ ಯೂಟ್ಯೂಬ್ ಸಲಹೆಗಳಿಗೆ ಕೈಹಾಕಬೇಡಿ. ಸೆಟ್ಟಿಂಗ್ ಬದಲಿಸಿದ ಮೇಲೆ ಪರದೆಯೇ ಬರದಿದ್ದರೆ ಸ್ವಲ್ಪ ಕಾಯಿರಿ. ಡಿಡಿಆರ್5 ಇದ್ದಲ್ಲಿ ಮೊದಲ ಸಲ ಹಲವು ನಿಮಿಷ ಕಪ್ಪು ಪರದೆಯೇ ಇರುವುದುಂಟು. ಆಮೇಲೂ ಬರದಿದ್ದರೆ ಪ್ಲಗ್ ಕಿತ್ತು, ಬೋರ್ಡ್‌ನ ಮೇಲಿನ ಬಿಲ್ಲೆಯಂಥ ಬ್ಯಾಟರಿಯನ್ನು ಕೆಲವು ನಿಮಿಷ ತೆಗೆದಿಟ್ಟು ಹಾಕಿದರೆ ಹಳೆಯ ಸೆಟ್ಟಿಂಗ್ ಮರಳುತ್ತದೆ.

ಎಕ್ಸ್‌ಎಂಪಿ ಆಫ್ ಇದ್ದಾಗಲೂ ತಪ್ಪು ಬಂದರೆ ಸ್ಟಿಕ್ಕನ್ನೇ ಅನುಮಾನಿಸಬೇಕು. ಒಂದೊಂದೇ ಸ್ಟಿಕ್ ಹಾಕಿ ಬೇರೆ ಬೇರೆಯಾಗಿ ಪರೀಕ್ಷಿಸಿದರೆ ಯಾವುದು ಕೆಟ್ಟಿದೆ ಎಂದು ಸಾಮಾನ್ಯವಾಗಿ ತಿಳಿಯುತ್ತದೆ. ತಪ್ಪು ತೋರಿಸುತ್ತಿರುವ ಪರದೆಯ ಫೋಟೊ ತೆಗೆದುಕೊಳ್ಳಿ, ಬಿಲ್ ಜೊತೆಗಿಡಿ. ಜೋಡಿಯಾಗಿ ಕೊಂಡಿದ್ದರೆ ಕೆಟ್ಟದ್ದೊಂದನ್ನೇ ಅಲ್ಲ, ಎರಡನ್ನೂ ವಾರಂಟಿಗೆ ಕೊಟ್ಟು ಜೋಡಿಯನ್ನೇ ಬದಲಿಸಿ ಕೊಡುವಂತೆ ಕೇಳಿ.